ಕಾವೇರಿ ದಂಡೆಯ ಹಳೆಯ ಜಾಗದಲ್ಲಿ ಮತ್ತೆ ಮನೆ ಕಟ್ಟಬಹುದೇ? ನೆರೆ ಪ್ರದೇಶದ ನಿಯಮಗಳನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ

ಪ್ರಶ್ನೆ: ದಂಡೆಮನೆಯವನು, ಅರಕಲಗೂಡು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ರಾಮನಾಥಪುರದಿಂದ ಹೆಚ್ಚು ದೂರವಿಲ್ಲದ, ಕಾವೇರಿಗೆ ಅಂಟಿಕೊಂಡ ಒಂದು ಹಳ್ಳಿ. ತಾತ ಕಟ್ಟಿಸಿದ ಮನೆ ಹೊಳೆಯಿಂದ ಸುಮಾರು ಐವತ್ತು ಮಾರು ದೂರದಲ್ಲಿದೆ. ಸೈಜುಗಲ್ಲಿನ ತಳಪಾಯ, ಮಣ್ಣಿನ ಗೋಡೆ, ಮಂಗಳೂರು ಹೆಂಚು. 2018ರ ಆಗಸ್ಟ್‌ನಲ್ಲಿ ನೀರು ಹೊಸ್ತಿಲು ದಾಟಿತು. 2019ರ ಆಗಸ್ಟ್‌ನಲ್ಲಿ ಕಿಟಕಿಯ ಕೆಳಪಟ್ಟಿಯವರೆಗೆ ಬಂದು ನಿಂತಿತು. ನೀರು ನಿಂತಿದ್ದಷ್ಟು ಹೊತ್ತು ಗೋಡೆಗಳಿಗೆ ಏನೂ ಆಗಲಿಲ್ಲ. ನೀರಿಳಿದ ನಾಲ್ಕನೆಯ ದಿನ, ಬಿಸಿಲು ಬಿದ್ದ ಮೇಲೆ, ಪಡುವಣ ಗೋಡೆ ತಾನಾಗಿಯೇ ಕುಸಿದು ಕುಳಿತಿತು. ಅಂದಿನಿಂದ ಮುಂದಿನ ಎರಡು ಅಂಕಣವನ್ನು ದುರಸ್ತಿ ಮಾಡಿಕೊಂಡು, ಹಿಂಬದಿಗೆ ಶೀಟು ಹೊದಿಸಿಕೊಂಡು ಕಾಲ ಹಾಕುತ್ತಿದ್ದೇವೆ.

ಈ ಸಲ ಹೊಗೆಸೊಪ್ಪಿನಲ್ಲಿ ಕೈಗೆ ನಾಲ್ಕು ಕಾಸು ಉಳಿದಿರುವುದರಿಂದ ಮನೆಯ ಮಾತು ಮತ್ತೆ ಎದ್ದಿದೆ. ಅಪ್ಪ ಅದೇ ತಳಪಾಯದ ಮೇಲೆ ಹೊಸ ಮನೆ ಎಬ್ಬಿಸಬೇಕೆನ್ನುತ್ತಾರೆ. ಭಾವನವರು, ರಸ್ತೆಯಾಚೆ ಎತ್ತರದಲ್ಲಿರುವ ನಮ್ಮ ಖುಷ್ಕಿ ಹೊಲದ ಮೂಲೆಯಲ್ಲಿ ಕಟ್ಟಿಕೊಳ್ಳಿ ಎನ್ನುತ್ತಾರೆ. ಇಷ್ಟರ ನಡುವೆ ಊರಿನಲ್ಲಿ ಒಬ್ಬರು, ಸರ್ಕಾರ ಹೊಸ ನಿಯಮ ತಂದಿದೆ, ನೆರೆ ಬರುವ ಜಾಗದಲ್ಲಿ ಇನ್ನು ಪರವಾನಗಿಯೇ ಇಲ್ಲ ಎಂದರು. ಇನ್ನೊಬ್ಬರು, ಹಾಗೇನಿಲ್ಲ, ಒಂದು ಮೀಟರ್ ಎತ್ತರಿಸಿದರೆ ಸಾಕು ಎಂದರು. ಮೂರನೆಯವರು, ಅಲ್ಲಿ ಕಟ್ಟಿದರೆ ಮುಂದೆ ಪರಿಹಾರ ಸಿಗುವುದಿಲ್ಲ ಎಂದು ಹೆದರಿಸಿದರು. ಯಾರ ಕೈಯಲ್ಲೂ ಕಾಗದವಿಲ್ಲ. ನಿಜವಾಗಿ ನಿಯಮ ಏನಿದೆ, ಅಲ್ಲೇ ಕಟ್ಟುವುದಾದರೆ ಎಷ್ಟು ಎತ್ತರಕ್ಕೆ ಕಟ್ಟಬೇಕು, ಮತ್ತೆ ಮುಳುಗಿದರೆ ಯಾರು ಏನು ಕೊಡುತ್ತಾರೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಎಂಜಿನಿಯರ್, ಹಾಸನ

ಮೊದಲು ಗಾಳಿಮಾತನ್ನು ಬದಿಗಿಡೋಣ. ನೆರೆ ಪ್ರದೇಶವನ್ನು ಗುರುತಿಸಿ, ಇಲ್ಲಿ ಕಟ್ಟಬಹುದು, ಇಲ್ಲಿ ಕಟ್ಟಬಾರದು ಎಂದು ಗೆರೆ ಎಳೆಯುವ ಕಾನೂನಿನ ಮಾದರಿ ಕರಡನ್ನು ಕೇಂದ್ರ ಸರ್ಕಾರವು 1975ರಲ್ಲಿಯೇ ಎಲ್ಲ ರಾಜ್ಯಗಳಿಗೆ ಕಳುಹಿಸಿತ್ತು. ಭೂಮಿ ರಾಜ್ಯದ ವಿಷಯವಾದ್ದರಿಂದ ಕಾನೂನು ಮಾಡಬೇಕಾದದ್ದು ರಾಜ್ಯಗಳೇ. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ, ಜಮ್ಮು ಮತ್ತು ಕಾಶ್ಮೀರ 2005ರಲ್ಲಿ, ಉತ್ತರಾಖಂಡ 2012ರಲ್ಲಿ ಅಂತಹ ಕಾಯ್ದೆ ಮಾಡಿದವು. ನಮ್ಮ ರಾಜ್ಯ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ನಿಮ್ಮ ಜಾಗವು 'ನೆರೆ ವಲಯ' ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಲು ಪ್ರತ್ಯೇಕ ಕಾಯ್ದೆಯ ಆಧಾರವಿಲ್ಲ. ಇದು ಸಂತೋಷದ ಸುದ್ದಿಯೆಂದು ಭಾವಿಸಬೇಡಿ. ಬೇಡವೆನ್ನುವವರಿಲ್ಲ ಎಂದಾದಾಗ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ.

ಲೆಕ್ಕಕ್ಕೆ ಆಧಾರವಾಗಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2008ರ ಜನವರಿಯಲ್ಲಿ ಪ್ರಕಟಿಸಿದ ಪ್ರವಾಹ ನಿರ್ವಹಣೆಯ ಮಾರ್ಗಸೂಚಿಯಿದೆ. ಅದರಲ್ಲಿ ಆಸ್ಪತ್ರೆ, ವಿದ್ಯುತ್ ಕೇಂದ್ರ, ನೀರು ಸರಬರಾಜು, ರೈಲು ನಿಲ್ದಾಣದಂತಹವನ್ನು ಮೊದಲ ಆದ್ಯತೆಗೆ ಸೇರಿಸಿ, ಅವು 100 ವರ್ಷದ ನೆರೆಯ ಮಟ್ಟಕ್ಕಿಂತ ಅಥವಾ ಈವರೆಗೆ ಕಂಡ ಗರಿಷ್ಠ ನೆರೆಯ ಮಟ್ಟಕ್ಕಿಂತ ಮೇಲಿರಬೇಕೆಂದು ಹೇಳಿದೆ. ಸರ್ಕಾರಿ ಕಚೇರಿಗಳು ಮತ್ತು ವಾಸದ ಮನೆಗಳು ಎರಡನೆಯ ಆದ್ಯತೆ. ಅವುಗಳಿಗೆ 25 ವರ್ಷದ ನೆರೆಯ ಮಟ್ಟ ಸಾಕೆಂದಿದೆ, ಆದರೆ ಅಪಾಯದ ಜಾಗದಲ್ಲಿ ಕಂಬಗಳ ಮೇಲೆ ಎತ್ತಿ ಕಟ್ಟಬೇಕೆಂಬ ಷರತ್ತೂ ಇದೆ. ಮೂರನೆಯದು ಉದ್ಯಾನ ಮತ್ತು ಆಟದ ಮೈದಾನ. ಅಲ್ಲಿ ನೀರು ಬಂದು ಹೋಗಬಹುದು.

ಈ '25 ವರ್ಷ' ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ಬಂದರೆ ಇಪ್ಪತ್ತೈದು ವರ್ಷ ನಿಶ್ಚಿಂತೆ ಎಂಬುದು ಅದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ನೀರು ಆ ಮಟ್ಟ ಮುಟ್ಟುವ ಸಾಧ್ಯತೆ ನೂರಕ್ಕೆ 4 ಎಂದು ಅರ್ಥ. ಪ್ರತಿ ವರ್ಷವೂ ದಾಳವನ್ನು ಹೊಸದಾಗಿ ಉರುಳಿಸಿದಂತೆ. ಹಾಗಾಗಿಯೇ ನಿಮ್ಮಲ್ಲಿ 2018 ಮತ್ತು 2019ರಲ್ಲಿ ಬೆನ್ನುಬೆನ್ನಿಗೆ ನೆರೆ ಬಂತು. ಕೂಡಿಸಿ ನೋಡಿದರೆ, 25 ವರ್ಷದ ಮಟ್ಟಕ್ಕೆ ಸರಿಯಾಗಿ ನೆಲ ಹಾಕಿದ ಮನೆಗೆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ನೂರಕ್ಕೆ ಸುಮಾರು 70. ಅದೇ 100 ವರ್ಷದ ಮಟ್ಟಕ್ಕೆ ಹಾಕಿದರೆ ಸುಮಾರು 26. ಮನೆ ಸಾಲದ ಕಂತು ತೀರುವಷ್ಟು ಅವಧಿಯ ಲೆಕ್ಕವಿದು. ಮಾರ್ಗಸೂಚಿಯಲ್ಲಿರುವುದು ಕನಿಷ್ಠ ಮಟ್ಟ ಮಾತ್ರ ಎಂಬುದನ್ನು ಅಪ್ಪನವರಿಗೆ ಈ ಅಂಕಿ ಇಟ್ಟುಕೊಂಡೇ ವಿವರಿಸಿ.

ಇನ್ನು ನಿಮ್ಮ ಹೊಳೆಯ ವಿಷಯ. ಭಾಗಮಂಡಲದಿಂದ ಕುಶಾಲನಗರದವರೆಗೆ ಕಾವೇರಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಕೊಡಗಿನಲ್ಲಿ ಬಿದ್ದ ಮಳೆ ನೇರವಾಗಿ ಇಳಿದು ಬರುತ್ತದೆ. ಕೂಡಿಗೆಯ ಬಳಿ ಸೇರುವ ಹಾರಂಗಿಗೆ ಜಲಾಶಯವಿದ್ದರೂ ಅದರ ಸಾಮರ್ಥ್ಯ 8.5 ಟಿಎಂಸಿ ಮಾತ್ರ. ತುಂಬಿದ ಮೇಲೆ ಬಂದಷ್ಟನ್ನೂ ಬಿಡದೆ ಗತ್ಯಂತರವಿಲ್ಲ. ಈ ಎರಡೂ ಕೂಡಿದ ನೀರು ನಿಮ್ಮ ಹಿತ್ತಿಲಿಗೆ ಬರುತ್ತದೆ. ಇದಕ್ಕೆ ಹೋಲಿಸಿದರೆ ಹೇಮಾವತಿಗೆ ಗೊರೂರಿನಲ್ಲಿ 37 ಟಿಎಂಸಿಯ ಹೊಟ್ಟೆಯಿದೆ. ಕೂಡಿಗೆಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದ್ದು, ಹಿಂದಿನ ವರ್ಷಗಳ ನೀರಿನ ಮಟ್ಟವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬಹುದು. ಆದರೆ ನಿಮ್ಮ ಮನೆಗೆ ಎಲ್ಲಕ್ಕಿಂತ ನಂಬಿಕೆಯ ದಾಖಲೆ 2019ರಲ್ಲಿ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆ. ಸುಣ್ಣ ಬಳಿಯುವ ಮುನ್ನ ಅದನ್ನು ಮೊಳೆ ಹೊಡೆದು ಗುರುತಿಸಿಕೊಳ್ಳಿ. ಗಾರೆಯವರ ಬಳಿ ಇರುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಆ ಮಟ್ಟವನ್ನು ಅಂಗಳಕ್ಕೂ ಮೇಲಿನ ಹೊಲಕ್ಕೂ ಒಯ್ದು ನೋಡಬಹುದು. ಹೊಸ ಮನೆಯ ನೆಲ ಆ ಗೆರೆಗಿಂತ ಕನಿಷ್ಠ ಎರಡು ಅಡಿ ಮೇಲಿರಲಿ ಎಂಬುದು ನನ್ನ ಸಲಹೆ.

ಎತ್ತರಿಸುವುದೆಂದರೆ ಮಣ್ಣು ತುಂಬಿಸುವುದು ಎಂದು ಹೆಚ್ಚಿನವರು ತಿಳಿಯುತ್ತಾರೆ. ದಂಡೆಯಲ್ಲಿ ಅದು ಸರಿಯಲ್ಲ. ತುಂಬಿದ ಮಣ್ಣನ್ನು ಹರಿಯುವ ನೀರು ಬುಡದಿಂದ ಕೊರೆಯುತ್ತದೆ. ಮೇಲಾಗಿ ನಿಮ್ಮ ಅಂಗಳದಲ್ಲಿ ಹರಡಬೇಕಿದ್ದ ನೀರು ಪಕ್ಕದವರ ಮನೆಗೆ ತಿರುಗುತ್ತದೆ. ಮಾರ್ಗಸೂಚಿ ಕಂಬಗಳನ್ನು ಹೇಳುವುದಕ್ಕೆ ಕಾರಣವಿದೆ. ಕಾಲಂ ಎಬ್ಬಿಸಿ, ಕೆಳಗೆ ನೀರು ಹಾಯ್ದು ಹೋಗಲು ಬಿಟ್ಟು, ಮೇಲೆ ಮನೆ ಮಾಡುವುದೇ ದಂಡೆಗೆ ಒಪ್ಪುವ ಕ್ರಮ, ಖರ್ಚು ಹೆಚ್ಚಾದರೂ. ಹಳೆಯ ತಳಪಾಯದ ಮೇಲೆಯೇ ಎಬ್ಬಿಸುವ ಯೋಚನೆಯನ್ನು ದಯವಿಟ್ಟು ಬಿಡಿ. ನೆನೆದ ಮಣ್ಣಿನ ಗೋಡೆ ನೀರಿದ್ದಾಗ ನೀರಿನ ಒತ್ತಿನಲ್ಲಿಯೇ ನಿಂತಿರುತ್ತದೆ. ನೀರಿಳಿದಾಗ ಆಸರೆ ತಪ್ಪಿ, ಬುಡದ ಮಣ್ಣು ಮೆತ್ತಗಾಗಿ ಬೀಳುತ್ತದೆ. ನಿಮ್ಮ ಪಡುವಣ ಗೋಡೆಗೆ ಆದದ್ದು ಅದೇ. ಅದರ ಕೆಳಗಿನ ಸೈಜುಗಲ್ಲು ಈಗ ಹೇಗೆ ಕುಳಿತಿದೆಯೋ ಅಗೆದು ನೋಡದೆ ಹೇಳಲಾಗದು.

ಉತ್ತರ 2: ವಕೀಲೆ, ಚಿಕ್ಕಮಗಳೂರು

ಎಂಜಿನಿಯರ್ ಸರ್ ಹೇಳಿದ್ದಕ್ಕೆ ಕಾಗದಪತ್ರದ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ. 'ಹೊಸ ನಿಯಮ' ಎಂಬ ಮಾತು ಹುಟ್ಟಲು ನನಗೆ ಕಾಣುವ ಕಾರಣಗಳು ಎರಡು. 2024ರ ಜುಲೈ 31ರಂದು ಕೇಂದ್ರವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ ಹೊರಡಿಸಿದಾಗ, ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿದ್ದರಿಂದ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಇನ್ನು ಮನೆ ಕಟ್ಟುವಂತಿಲ್ಲ ಎಂಬ ಗದ್ದಲವೆದ್ದಿತು. ಆ ಕರಡು ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡಗಳನ್ನು ಹಾಗೂ ದೊಡ್ಡ ಬಡಾವಣೆಗಳನ್ನು. ಮೂರು ಅಂಕಣದ ವಾಸದ ಮನೆಯನ್ನಲ್ಲ. ರಾಜ್ಯ ಸಂಪುಟವೂ ಅದನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಎರಡನೆಯದು, 2025ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಗೆ ಆದ ತಿದ್ದುಪಡಿ. ಅದರಿಂದ ರಾಜಧಾನಿಗಳಿಗೂ ಮಹಾನಗರ ಪಾಲಿಕೆಯಿರುವ ದೊಡ್ಡ ನಗರಗಳಿಗೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶವಾಯಿತು. ಹಳ್ಳಿಯ ಮನೆಗೆ ಅದರಿಂದ ಹೊಸ ಅಡ್ಡಿಯಿಲ್ಲ. ಕೆರೆ ಮತ್ತು ರಾಜಕಾಲುವೆಗಳ 75 ಮೀಟರ್, 50 ಮೀಟರ್ ಅಂಚಿನ ಮಾತೂ ಆಗಾಗ ಕೇಳಿಬರುತ್ತದೆ. ಅದು ಬೆಂಗಳೂರಿನ ಕುರಿತು ಹಸಿರು ನ್ಯಾಯಮಂಡಳಿ 2016ರಲ್ಲಿ ನೀಡಿದ ಆದೇಶ. ಸುಪ್ರೀಂ ಕೋರ್ಟ್ ಅದನ್ನು 2019ರ ಮಾರ್ಚ್‌ನಲ್ಲಿ ರದ್ದು ಮಾಡಿತು.

ನಿಮಗೆ ನಿಜವಾಗಿ ತಟ್ಟುವ ಕಾನೂನು ಹಳೆಯದೇ. 1964ರ ಭೂಕಂದಾಯ ಕಾಯ್ದೆಯ 67ನೇ ಪ್ರಕರಣದಂತೆ ನದಿ, ಹಳ್ಳಗಳ ಪಾತ್ರ ಸರ್ಕಾರದ್ದು. ಹೊಳೆ ದಂಡೆ ಕೊರೆದು ನಿಮ್ಮ ಕಡೆಗೆ ಸರಿದಿದ್ದರೆ, ಅಥವಾ ಸರ್ವೆ ಕಲ್ಲು ನೀರಿನಲ್ಲಿ ಕೊಚ್ಚಿಹೋಗಿದ್ದರೆ, ಮನೆಯ ಹಿಂಬದಿ ಬಿ ಖರಾಬಿನಲ್ಲಿ (ಸಾರ್ವಜನಿಕ ಬಳಕೆಗೆಂದು ಬಿಟ್ಟ ಸರ್ಕಾರಿ ಜಾಗದಲ್ಲಿ) ಬಿದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಕಟ್ಟುವ ಮುನ್ನ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಗುರುತಿಸಿಕೊಳ್ಳಲು, ಅರ್ಜಿ ಹಾಕಿ ಅಳತೆ ಮಾಡಿಸಿಕೊಳ್ಳಿ. ಮೇಲಿನ ಹೊಲದ ವಿಷಯಕ್ಕೆ ಬಂದರೆ, ಕೃಷಿಕನು ತನ್ನ ಹಿಡುವಳಿಯಲ್ಲಿ ಹತ್ತನೆಯ ಒಂದು ಭಾಗ ಮೀರದಂತೆ ತನ್ನ ವಾಸಕ್ಕೆ ಮನೆ ಕಟ್ಟಿಕೊಳ್ಳಲು 95ನೇ ಪ್ರಕರಣವೇ ಅವಕಾಶ ಕೊಡುತ್ತದೆ. ಆದರೆ ಬ್ಯಾಂಕಿನ ಸಾಲ ಬೇಕೆಂದರೆ ಅವರು ಭೂಪರಿವರ್ತನೆಯ ಆದೇಶವನ್ನೂ ಪಂಚಾಯಿತಿಯ ನಮೂನೆ 9 ಮತ್ತು 11ನ್ನೂ (ಆಸ್ತಿಯ ಖಾತೆ ಮತ್ತು ತೆರಿಗೆಯ ದಾಖಲೆ) ಕೇಳುವುದು ವಾಡಿಕೆ. ಪಂಚಾಯಿತಿಯ ಪರವಾನಗಿ ಎರಡೂ ಕಡೆಗೆ ಬೇಕು. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಅದನ್ನು ಕಡ್ಡಾಯ ಮಾಡಿದೆ. ಯಾರಾದರೂ ಬಾಯಿಮಾತಿನಲ್ಲಿ 'ಆಗುವುದಿಲ್ಲ' ಎಂದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಕಾರಣವನ್ನು ಬರವಣಿಗೆಯಲ್ಲಿಯೇ ಕೇಳಿ.

ಪರಿಹಾರದ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಸಿಕ್ಕಿತು, ಮುಂದೆಯೂ ಸಿಗುತ್ತದೆ ಎಂದು ಜನ ಎಣಿಸುತ್ತಾರೆ. ಆ ಮೊತ್ತ ಆ ವರ್ಷದ ಸರ್ಕಾರ ಕೈಗೊಂಡ ತೀರ್ಮಾನ. ವಿಪತ್ತು ಪರಿಹಾರ ನಿಧಿಯ ನಿಗದಿತ ದರ 2022ರ ಪರಿಷ್ಕರಣೆಯ ನಂತರವೂ ಬಯಲು ಸೀಮೆಯಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000 ರೂಪಾಯಿ ಮಾತ್ರ. ಅದರ ಮೇಲೆ ಎಷ್ಟು ಸೇರಿಸಬೇಕೆಂಬುದು ಆಯಾ ಹೊತ್ತಿನ ಸರ್ಕಾರಕ್ಕೆ ಬಿಟ್ಟದ್ದು. ಆ ಭರವಸೆಯ ಮೇಲೆ ಮನೆಯ ಅಂದಾಜುಪಟ್ಟಿ ಹಾಕಬೇಡಿ. ಬದಲಿಗೆ 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯನ್ನು ವಿಚಾರಿಸಿ. ನೆರೆ ಮತ್ತು ಭೂಕುಸಿತ ಎರಡೂ ಅದರಲ್ಲಿ ಸೇರಿವೆ. ವಿಮೆಯ ಮೊತ್ತವನ್ನು ಕಟ್ಟಡದ ವಿಸ್ತೀರ್ಣ ಮತ್ತು ಕಟ್ಟುವ ಖರ್ಚಿನ ಮೇಲೆ ಲೆಕ್ಕ ಹಾಕುತ್ತಾರೆ, ಜಾಗದ ಬೆಲೆ ಸೇರುವುದಿಲ್ಲ; ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, 10 ಲಕ್ಷದ ಮಿತಿಯೊಳಗೆ, ತಾನಾಗಿಯೇ ಸೇರುತ್ತದೆ. ಮನೆ ಹೊಳೆಯ ದಂಡೆಯಲ್ಲಿದೆ ಎಂಬುದನ್ನು ಅರ್ಜಿಯಲ್ಲಿ ಮರೆಮಾಚಬೇಡಿ. ಮುಚ್ಚಿಟ್ಟ ವಿಷಯ ಹೊರಬೀಳುವುದು ಪರಿಹಾರ ಕೇಳುವ ದಿನವೇ.

ಉತ್ತರ 3: ತೋಟದವನು, ಕಳಸ

ಇಬ್ಬರೂ ಹಿರಿಯರು ಚೆನ್ನಾಗಿ ವಿವರಿಸಿದ್ದಾರೆ. ಆದರೂ ಎತ್ತರಿಸಿ ಕಟ್ಟಿದರೆ ಆಯಿತು ಎಂಬ ಮಾತಿಗೆ ನನ್ನ ತಕರಾರಿದೆ. ಭದ್ರೆ ಏರಿದಾಗ ಕಳಸ–ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗುವುದು ನಮ್ಮಲ್ಲಿ ಪ್ರತಿ ಮಳೆಗಾಲದ ಸುದ್ದಿ. ಆ ಹೊತ್ತಿನಲ್ಲಿ ಮನೆ ಎಷ್ಟು ಎತ್ತರದಲ್ಲಿದ್ದರೂ ಹೆರಿಗೆಯ ಹೆಂಗಸನ್ನೋ ಎದೆನೋವಿನವರನ್ನೋ ಆಸ್ಪತ್ರೆಗೆ ಸಾಗಿಸುವುದು ಹೇಗೆ ಎಂಬುದೇ ಪ್ರಶ್ನೆ. ನೀವು ಕಂಬದ ಮೇಲೆ ಒಣಗಿದ ನೆಲದಲ್ಲಿ ಕುಳಿತಿರುತ್ತೀರಿ, ಸುತ್ತ ಎದೆಮಟ್ಟದ ನೀರು. ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿಯ ಮಟ್ಟವನ್ನೂ ಅದೇ ಪೈಪಿನಿಂದ ಅಳೆದು ನೋಡಿ.

ನಮ್ಮ ಮಲೆನಾಡಿನಲ್ಲಿ ಹಳಬರು ಮನೆಯನ್ನು ಗದ್ದೆಗಿಂತ ಮೇಲೆ, ಗುಡ್ಡದ ಬುಡಕ್ಕಿಂತ ತುಸು ಈಚೆ ಕಟ್ಟುತ್ತಿದ್ದರು. ಗದ್ದೆಯನ್ನು ಮಳೆಗಾಲದಲ್ಲಿ ಹೊಳೆಗೆ ಬಿಟ್ಟುಕೊಡುವುದು ರೂಢಿ. ಈಗ ಅದೇ ಗದ್ದೆಗೆ ಮಣ್ಣು ಸುರಿದು, ಹೊಳೆಗೆ ಮುಖ ಮಾಡಿ ಹೋಂಸ್ಟೇ ಕಟ್ಟುತ್ತಾರೆ. ಬೇಸಿಗೆಯಲ್ಲಿ ಬಂದ ಅತಿಥಿಗೆ ಅದು ಬಹಳ ಚೆನ್ನಾಗಿ ಕಾಣುತ್ತದೆ. ಹಾಗೆಂದು ಗುಡ್ಡದ ಕಡೆ ಸರಿದರೆ ಕ್ಷೇಮ ಎನ್ನುವಂತೆಯೂ ಇಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಮನೆಗಳನ್ನು ಕೆಡವಿದ್ದು ಮೇಲಿನಿಂದ ಮಣ್ಣು, ಮರಗಳೊಡನೆ ಇಳಿದ ಗುಡ್ಡ. ನಿಮ್ಮ ಸೀಮೆಯಲ್ಲಿ ಅಂತಹ ಗುಡ್ಡವಿಲ್ಲ, ಎತ್ತರದ ಹೊಲವೇ ಇದೆ. ಆ ಭಾಗ್ಯ ನಮಗಿಲ್ಲ. ನನ್ನನ್ನು ಕೇಳಿದರೆ ಭಾವನವರ ಮಾತೇ ಸರಿ.

ಉತ್ತರ 4: ಗೃಹಿಣಿ, ಹೊಳೆನರಸೀಪುರ

ನಾವು ಹೇಮಾವತಿಯ ದಂಡೆಯವರು. 1979ರಲ್ಲಿ ಗೊರೂರಿನ ಕಟ್ಟೆಯಾದ ಮೇಲೆ ಸಣ್ಣಪುಟ್ಟ ನೆರೆಗಳು ನಿಂತವು, ಅದರೊಂದಿಗೆ ಜನರ ಹೆದರಿಕೆಯೂ ಹೋಯಿತು ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಕಟ್ಟೆ ತುಂಬಿದ ವರ್ಷ ಬಿಟ್ಟ ನೀರು ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ. ನಾವು ಎಂಟು ವರ್ಷದ ಹಿಂದೆ ಐದಡಿ ಎತ್ತರಿಸಿ ಮನೆ ಕಟ್ಟಿಕೊಂಡೆವು. ಅಲ್ಲಿ ಬದುಕಿ ತಿಳಿದದ್ದನ್ನು ಹೇಳುತ್ತೇನೆ.

ಒಂಬತ್ತು ಮೆಟ್ಟಿಲು. ಕಟ್ಟುವಾಗ ಯಾರೂ ಎಣಿಸಲಿಲ್ಲ. ಅತ್ತೆಯವರಿಗೆ ಮಂಡಿನೋವು ಶುರುವಾದ ಮೇಲೆ ದಿನವೂ ಎಣಿಸುತ್ತಿದ್ದೇವೆ. ಮೀಟರ್ ಬೋರ್ಡನ್ನು ಮೇಲಕ್ಕೇ ಹಾಕಿಸಿದೆವು, ಆದರೆ ಸಂಪಿನ ಮೋಟರನ್ನು ಮರೆತೆವು, ಮೊದಲ ವರ್ಷವೇ ಸುಟ್ಟಿತು. ನೆರೆ ಬಂದಾಗ ಶೌಚದ ಗುಂಡಿ ತುಂಬಿ ಒಳಗಿನ ಕೊಳೆ ಬಚ್ಚಲಿನಿಂದ ಉಕ್ಕುತ್ತದೆ. ಪೈಪಿಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಿದ ಮೇಲೆ ಅದು ನಿಂತಿತು. ಖಾಲಿ ಗ್ಯಾಸ್ ಸಿಲಿಂಡರ್ ತೇಲಿ ಹೋಗುತ್ತದೆ, ಸರಪಳಿ ಹಾಕಿ. ಇವೆಲ್ಲ ಸುಧಾರಿಸಿಕೊಳ್ಳುವಂಥವು.

ಸುಧಾರಿಸಲಾಗದ್ದು ದನಗಳ ವಿಷಯ. ಮನೆಯನ್ನು ಎತ್ತರಿಸಬಹುದು, ಕೊಟ್ಟಿಗೆಯನ್ನು ಯಾರೂ ಕಂಬದ ಮೇಲೆ ಕಟ್ಟುವುದಿಲ್ಲ. ಹೊಳೆ ಏರುತ್ತಿದೆ, ಕಾಳಜಿ ಕೇಂದ್ರಕ್ಕೆ ಹೊರಡಿ ಎಂದು ಮೈಕಿನಲ್ಲಿ ಸಾರಿದ ರಾತ್ರಿ ನಾವು ತಡಮಾಡಿದ್ದು ಎರಡು ಹಸು ಮತ್ತು ಒಂದು ಕರುವಿಗಾಗಿ. ಅವುಗಳನ್ನು ಎಲ್ಲಿ ಕಟ್ಟುವುದು, ಮೇವನ್ನು ಎಲ್ಲಿ ಇಡುವುದು ಎಂದು ಮುಂಚೆಯೇ ಗೊತ್ತುಮಾಡಿಕೊಂಡಿರದಿದ್ದರೆ ಯಜಮಾನರು ಮನೆ ಬಿಟ್ಟು ಬರುವುದಿಲ್ಲ. ಹೊರಡಿ ಎಂದಾಗ ಹೊರಡದಿರುವುದು ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಶಿಕ್ಷಾರ್ಹ ಎಂದು ಆ ರಾತ್ರಿ ಬಂದವರು ಹೇಳಿದರು. ಹಸುವಿನ ಹಗ್ಗ ಹಿಡಿದು ನಿಂತವರಿಗೆ ಅದು ಕೇಳಿಸುವ ಮಾತಲ್ಲ.

ನನ್ನ ತಮ್ಮ ಅಮೆರಿಕದ ಹೂಸ್ಟನ್‌ನಲ್ಲಿದ್ದಾನೆ. ಅಲ್ಲಿ ನೆರೆಯ ನಕ್ಷೆಯಲ್ಲಿ ಮನೆ ಅಪಾಯದ ವಲಯಕ್ಕೆ ಸೇರಿದ್ದರೆ ನೆರೆ ವಿಮೆಯಿಲ್ಲದೆ ಬ್ಯಾಂಕು ಸಾಲವನ್ನೇ ಕೊಡುವುದಿಲ್ಲವಂತೆ. 1973ರಿಂದಲೂ ಹಾಗೆ ಕಾನೂನಿದೆ. ನಮ್ಮ ಸಾಲದ ಅರ್ಜಿಯಲ್ಲಿ ಹೊಳೆ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ.

ಮರುಪ್ರತಿಕ್ರಿಯೆ: ದಂಡೆಮನೆಯವನು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಗಾರೆಯವರನ್ನು ಕರೆದು ಪೈಪು ಹಿಡಿಸಿ ಅಳೆಸಿದೆ. 2019ರ ಗೆರೆ ನಮ್ಮ ನಡುಮನೆಯ ನೆಲದಿಂದ ಮೂರಡಿ ಹತ್ತು ಇಂಚು, ಅಂಗಳದಿಂದ ಆರಡಿಗೆ ಎರಡು ಇಂಚು ಕಡಿಮೆ. ಎಂಜಿನಿಯರ್ ಸರ್ ಹೇಳಿದಂತೆ ಎರಡಡಿ ಸೇರಿಸಿದರೆ ನೆಲವನ್ನು ಅಂಗಳದಿಂದ ಎಂಟಡಿಯಷ್ಟು ಎತ್ತರಕ್ಕೆ ಒಯ್ಯಬೇಕು. ಹೊಳೆನರಸೀಪುರದ ಮೇಡಂ ಅವರ ಲೆಕ್ಕದಲ್ಲಿ ಹದಿನಾಲ್ಕು ಮೆಟ್ಟಿಲಾದರೂ ಆಗುತ್ತದೆ. ಅಮ್ಮ ಅದನ್ನು ಕೇಳಿ ನಕ್ಕುಬಿಟ್ಟರು. ಮನೆಯಿಂದ ರಸ್ತೆಗೆ ಹೋಗುವ ದಾರಿ ಗೆರೆಗಿಂತ ನಾಲ್ಕಡಿ ತಗ್ಗಿನಲ್ಲಿದೆ. ಮೇಲಿನ ಹೊಲದ ಮೂಲೆ ಗೆರೆಗಿಂತ ಹನ್ನೊಂದು ಅಡಿ ಎತ್ತರದಲ್ಲಿದೆ.

ಅಪ್ಪ ಪೈಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದುಕೊಂಡಿದ್ದರು. ಏನೂ ಹೇಳಲಿಲ್ಲ. ಸಂಜೆ ಮಾತ್ರ, ಮೊದಲು ಕೊಟ್ಟಿಗೆಯನ್ನು ಮೇಲಕ್ಕೆ ಸಾಗಿಸೋಣ, ಮನೆಯ ಮಾತು ಆಮೇಲೆ ಎಂದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕೆಳಗೇ ಇರುತ್ತದೆ, ಆಗಸ್ಟ್‌ನಲ್ಲಿ ಅದರಲ್ಲಿ ಸೊಪ್ಪು ಬೇಯುತ್ತಿರುವಾಗ ನೀರು ಬಂದರೆ ಏನು ಮಾಡುವುದೆಂದು ಇನ್ನೂ ಗೊತ್ತಾಗಿಲ್ಲ. ವಕೀಲೆ ಮೇಡಂ ಅವರಲ್ಲಿ ಒಂದೇ ಪ್ರಶ್ನೆ ಉಳಿದಿದೆ: ಮೇಲೆ ಮನೆ ಕಟ್ಟಿಕೊಂಡು ಹಳೆಯ ಮನೆಯನ್ನು ಕೆಡವಿದರೆ, ಕೆಳಗಿನ ನಿವೇಶನದ ಹಕ್ಕು ನಮ್ಮ ಕೈ ತಪ್ಪುತ್ತದೆಯೇ? ಅಪ್ಪನಿಗೆ ಇರುವ ಅಂಜಿಕೆ ಅದೇ ಎಂದು ನನಗೀಗ ಅನ್ನಿಸುತ್ತಿದೆ.

ಉತ್ತರ 5: ವಕೀಲೆ, ಚಿಕ್ಕಮಗಳೂರು

ತಪ್ಪುವುದಿಲ್ಲ. ಮನೆ ಕೆಡವಿದ ಮಾತ್ರಕ್ಕೆ ನಿವೇಶನದ ಮಾಲೀಕತ್ವ ಹೋಗುವುದಿಲ್ಲ. ಪಂಚಾಯಿತಿಗೆ ಬರೆದುಕೊಟ್ಟು ಅದನ್ನು ಖಾಲಿ ನಿವೇಶನವೆಂದು ದಾಖಲಿಸಿಕೊಳ್ಳಿ, ಕಂದಾಯವನ್ನು ತಪ್ಪದೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹದ್ದುಬಸ್ತನ್ನು ಮಾತ್ರ ಈ ಮಳೆಗಾಲಕ್ಕೆ ಮುಂಚೆಯೇ ಮುಗಿಸಿ. ಹೊಳೆ ಇನ್ನೊಂದು ಸಲ ದಂಡೆ ಕೊರೆದರೆ ಕಲ್ಲು ಎಲ್ಲಿತ್ತು ಎಂದು ತೋರಿಸಲು ಆ ನಕ್ಷೆಯೇ ಬೇಕಾಗುತ್ತದೆ.